ನೆರಳಿನ ಐದನೇ ಕಲ್ಲು

ಈ ಕತೆ ಹೇಳಲು ನನಗಿಂತ ತಿಳಿದವರು ಒಮಾನಿನ ಗುವೈಫ್ ಊರಿನಲ್ಲೇ ಹತ್ತು ಜನ ಇದ್ದಾರೆ. ನೀರು ಹಂಚುವ ಲೆಕ್ಕ ಅವರಿಗೆಲ್ಲ ಬಾಯಿಪಾಠ, ನನಗೆ ಅರ್ಧಂಬರ್ಧ. ಆದರೂ ಹೇಳುವ ಧೈರ್ಯ ಮಾಡಿದ್ದೇನೆ, ಕ್ಷಮಿಸಿ. ಎಲ್ಲಾದರೂ ತಪ್ಪಿದ್ದರೆ ಕತೆ ಮುಗಿದ ಮೇಲೆ ಬೈಯಿರಿ, ಈಗ ಬೇಡ. ಯಾಕೆಂದರೆ ಈಗ ಜುವೈನಾ ಗೋಲಿನ ಮುಂದೆ ಮೊಣಕಾಲು ಬಗ್ಗಿಸಿ ನಿಂತಿದ್ದಾಳೆ, ಅವಳ ಚಿಕ್ಕಪ್ಪನ ಮಗ ಹಮೂದ್ ಬಾಲ್ ಒದೆಯಲು ಓಡಿ ಬರುತ್ತಿದ್ದಾನೆ.

ಬಾಲ್ ಅವಳ ಎಡಗೈ ಪಕ್ಕದಿಂದ ಸುಂಯ್ ಎಂದು ಹೋಯಿತು.

“ಗೋಲ್,” ಎಂದ ಹಮೂದ್.

“ಔಟ್. ಚಪ್ಪಲಿಯ ಆಚೆ ಹೋಯ್ತು.”

“ಆಚೆ ಅಲ್ಲ, ಚಪ್ಪಲಿ ಮೇಲೆ. ನೋಡು, ಚಪ್ಪಲಿಯೇ ಹಾರಿ ಹೋಗಿದೆ.”

ನಿಜಕ್ಕೂ ಚಪ್ಪಲಿ ಹಾರಿ ಹೋಗಿತ್ತು. ಚಪ್ಪಲಿಯನ್ನು ಗೋಲ್‌ಪೋಸ್ಟ್ ಮಾಡಿಕೊಂಡರೆ ಹೀಗೇ ಆಗುವುದು. ಪ್ರತಿ ಗೋಲಿಗೂ ಒಂದು ಜಗಳ.

ಅವರಿಗೆ ಮೊದಲು ಒಳ್ಳೇ ಗ್ರೌಂಡೇ ಇತ್ತು. ಊರಿನ ಕೆಳಗೆ, ಖರ್ಜೂರದ ತೋಟಗಳು ಮುಗಿಯುವ ಕಡೆ, ಚಪ್ಪಟೆಯಾದ ದೊಡ್ಡ ಬಯಲು. ಜುವೈನಾ ಹುಟ್ಟಿದಾಗಿನಿಂದ ಅಲ್ಲಿ ಒಂದು ಹುಲ್ಲುಕಡ್ಡಿಯೂ ಬೆಳೆದಿರಲಿಲ್ಲ. ಅದು ಫುಟ್‌ಬಾಲ್ ಆಡಲೆಂದೇ ಇರುವ ಜಾಗ ಎಂದು ಮಕ್ಕಳೆಲ್ಲ ನಂಬಿದ್ದರು.

ಈ ವರ್ಷ ಬೆಟ್ಟದಲ್ಲಿ ಒಳ್ಳೇ ಮಳೆಯಾಯಿತು. ಬೆಟ್ಟದ ಹೊಟ್ಟೆಯಿಂದ ಊರಿಗೆ ನೀರು ತರುವ ಫಲಜ್ ಕಾಲುವೆ ಅಂಚಿನವರೆಗೆ ತುಂಬಿ ಹರಿಯಿತು. ಹಿರಿಯರು ಸೇರಿ ಕಾಫಿ ಕುಡಿದರು, ಖರ್ಜೂರ ತಿಂದರು. ತೋಟಗಳಿಗೆ ಸಾಕಾಗಿ ಇನ್ನೂ ನೀರು ಮಿಗುತ್ತದೆ, ಕೆಳಗಿನ ಹೊಲಕ್ಕೆ ಗೋದಿ ಬಿತ್ತೋಣ ಎಂದು ತೀರ್ಮಾನಿಸಿದರು. ಮರುದಿನವೇ ಟ್ರಾಕ್ಟರ್ ಬಂತು. ಪೆನಾಲ್ಟಿ ಒದೆಯುವ ಜಾಗದಲ್ಲಿ ಮೊದಲ ಸಾಲು ಎದ್ದಿತು.

ಹಮೂದ್ ಟ್ರಾಕ್ಟರಿಗೆ ಅಡ್ಡ ನಿಂತಿದ್ದ. ಆಗ ಊರಿನ ಹಿರಿಯ ನಬ್ಹಾನ್ ತಾತ ಅವನ ಕೈ ಹಿಡಿದು ಈಚೆಗೆ ಕರೆತಂದು ಹೇಳಿದ: “ನಿನ್ನಪ್ಪನೂ ನಿನ್ನ ವಯಸ್ಸಿನಲ್ಲಿ ಇದೇ ಜಾಗದಲ್ಲಿ ನಿಂತು ಅತ್ತಿದ್ದ ಕಣೋ. ಆಗಲೂ ಒಂದು ಸಲ ಒಳ್ಳೇ ಮಳೆ ಬಂದಿತ್ತು. ಇದು ಮಳೆ ಕೈಕೊಟ್ಟಾಗ ನಿಮ್ಮದು, ಮಳೆ ಬಂದಾಗ ನಮ್ಮದು.”

ಆಮೇಲೆ ಮಸೀದಿಯಲ್ಲಿ ಎಲ್ಲರೂ ಇನ್ನಷ್ಟು ಮಳೆ ಬೇಡಿಕೊಳ್ಳುವಾಗ ಹಮೂದ್ ಮಾತ್ರ ತುಟಿ ಬಿಗಿಹಿಡಿದು ಕೂತಿದ್ದನಂತೆ.

ಹೀಗಾಗಿ ಆಟ ಮೇಲಿನ ನೆರಳು ಕಟ್ಟೆಗೆ ಬಂದಿತ್ತು. ಅದು ಮಸೀದಿ ಹಿಂದಿನ ಸಮತಟ್ಟು ಜಾಗ. ನಡುವೆ ಆಳೆತ್ತರದ ಒಂದು ಮರದ ಕಂಬ. ಕಂಬದ ಸುತ್ತ ಅಲ್ಲಲ್ಲಿ ನೆಲದಲ್ಲಿ ಹುಗಿದ ಕಲ್ಲುಗಳು. ಬಿಸಿಲಿರುವಷ್ಟು ಹೊತ್ತೂ ಕಂಬದ ನೆರಳು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ನಡೆಯುತ್ತದೆ. ನೆರಳು ಕಲ್ಲನ್ನು ಮುಟ್ಟಿತೆಂದರೆ ಒಬ್ಬರ ನೀರಿನ ಪಾಳಿ ಮುಗಿಯಿತು, ಮುಂದಿನವರದು ಶುರುವಾಯಿತು. ಪಾಳಿ ನೋಡುವ ಅರೀಫ್ ಈ ನಬ್ಹಾನ್ ತಾತನೇ. ಅಲ್ಲೇ ಬೋರೆ ಮರದ ಕೆಳಗೆ ಕೂತು, “ಮುಟ್ತು,” ಎಂದು ಕೂಗು ಹಾಕುತ್ತಾನೆ. ಆ ಕೂಗು ತೋಟದ ಕೊನೆಯವರೆಗೂ ಕೇಳುತ್ತದೆ.

ಸೂರ್ಯ ಬೆಟ್ಟದ ಹಿಂದೆ ಹೋದ ಮೇಲೆ ತಾತ ಕಾಫಿ ಫ್ಲಾಸ್ಕ್ ಎತ್ತಿಕೊಂಡು ಮನೆಗೆ ಹೊರಡುತ್ತಾನೆ. ಅಲ್ಲಿಂದ ಸಂಜೆಯ ಮಗ್ರಿಬ್ ಆಜಾನ್ ಆಗುವವರೆಗೆ ಜಾಗ ಮಕ್ಕಳದು. ಒಂದೇ ಒಂದು ನಿಯಮ. ಕಲ್ಲು ಮುಟ್ಟಬಾರದು.

“ನಿನ್ನ ಚಪ್ಪಲಿ ಸಹವಾಸ ಸಾಕು,” ಎಂದಳು ಜುವೈನಾ. ಬಗ್ಗಿ, ಹತ್ತಿರವಿದ್ದ ಐದನೇ ಕಲ್ಲನ್ನು ಎರಡೂ ಕೈಯಿಂದ ಅಲ್ಲಾಡಿಸಿ ಕಿತ್ತಳು. ಚಿಕ್ಕ ಕಲ್ಲಂಗಡಿಯಷ್ಟು ದಪ್ಪ. ಗೋಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಆಟ ಮುಗಿದ ಮೇಲೆ ವಾಪಸ್ ಇಟ್ಟರಾಯಿತು.

ಆಟ ಮುಗಿಯಿತು. ಆಜಾನ್ ಕೇಳಿದ್ದೇ ತಡ, ಎಲ್ಲರೂ ಮನೆಗೆ ಓಡಿದರು. ಜುವೈನಾ ಕಲ್ಲು ಹೊತ್ತು ಬಂದು ನೋಡಿದರೆ ಗುಂಡಿಯೇ ಇಲ್ಲ. ಅಷ್ಟೊಂದು ಕಾಲುಗಳು ಒಂದು ಗಂಟೆ ತುಳಿದ ನೆಲ, ಎಲ್ಲಾ ಕಡೆ ಒಂದೇ ಥರ ಧೂಳು. ನಾಲ್ಕನೇ ಕಲ್ಲು ನೋಡಿದಳು, ಆರನೇ ಕಲ್ಲು ನೋಡಿದಳು. ನಡುವೆ ಕಣ್ಣಂದಾಜಿನಲ್ಲಿ ಒಂದು ಕಡೆ ಇಟ್ಟು, ಕಾಲಿನಿಂದ ಮಣ್ಣು ತುಳಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅಲ್ಲೇ ಹುಟ್ಟಿದ ಕಲ್ಲಿನ ಹಾಗೆ ಕಂಡಿತು. ಊಟದ ಹೊತ್ತಿಗೆ ಅದು ಅವಳಿಗೆ ಮರೆತೇಹೋಗಿತ್ತು.

ನಾಲ್ಕನೇ ಕಲ್ಲಿನಿಂದ ಐದನೇ ಕಲ್ಲಿನವರೆಗೆ ಪಕ್ಕದ ಮನೆಯ ರಯ್ಯಾ ಅಜ್ಜಿಯ ನೀರು. ಐದರಿಂದ ಆರರವರೆಗೆ ಜುವೈನಾಳ ಅಪ್ಪನದು. ಎಂಟು ದಿನಕ್ಕೊಮ್ಮೆ ಈ ಪಾಳಿ. ಉಳಿದ ದಿನ ಆ ಹೊತ್ತಿನ ನೀರೆಲ್ಲ ಒಂದೊಂದೇ ದೊಡ್ಡ ತೋಟಕ್ಕೆ ಹೋಗುತ್ತಿತ್ತು. ಹಾಗಾಗಿ ಐದನೇ ಕಲ್ಲು ಬೇಕಾಗಿದ್ದುದು ಈ ಎರಡು ಮನೆಗೆ ಮಾತ್ರ.

ರಯ್ಯಾ ಅಜ್ಜಿಯ ಮನೆ ತುಂಬ ಮೊಮ್ಮಕ್ಕಳು. ಆದರೂ ಬೆಳ್ಳುಳ್ಳಿ ಮಡಿಗಳಿಗೆ ಬೇರೆ ಯಾರೂ ಕಾಲಿಡುವ ಹಾಗಿರಲಿಲ್ಲ. ಒಟ್ಟು ಹನ್ನೊಂದು ಮಡಿ. ಒಂದು ತುಂಬಿದ ಕೂಡಲೇ ಅಜ್ಜಿ ಗುದ್ದಲಿಯಿಂದ ಬದು ಒಡೆದು ನೀರನ್ನು ಇನ್ನೊಂದಕ್ಕೆ ತಿರುಗಿಸುತ್ತಿದ್ದಳು. ಹನ್ನೊಂದನೆಯದು ತುಂಬುವುದಕ್ಕೂ ಅರೀಫನ ಕೂಗಿಗೂ ಸರಿಹೋಗುತ್ತಿತ್ತು. ನಲವತ್ತು ವರ್ಷದಿಂದ ಹೆಚ್ಚುಕಡಿಮೆ ಹಾಗೇ.

ಆಟವಾದ ಮೇಲಿನ ಮೊದಲ ಪಾಳಿ ಬಿದ್ದ ಶುಕ್ರವಾರ, ಒಂಬತ್ತನೇ ಮಡಿ ತುಂಬುತ್ತಿರುವಾಗಲೇ ಕೂಗು ಬಂತು.

ಅಜ್ಜಿ ತಲೆಯೆತ್ತಿ ಆಕಾಶ ನೋಡಿದಳು. ಬಟ್ಟೆ ಸುತ್ತಿದ ಕಲ್ಲನ್ನು ತನ್ನ ತೂಬಿಗೆ ತುರುಕಿ ನೀರು ನಿಲ್ಲಿಸಿದಳು. ಇತ್ತ ಅಪ್ಪ ತನ್ನ ತೂಬು ತೆಗೆದ. ಆ ದಿನ ಮೇವಿನ ಸೊಪ್ಪಿಗೆಲ್ಲ ಹಾಯಿಸಿದ ಮೇಲೆ ನಿಂಬೆ ಗಿಡಗಳ ಬುಡಕ್ಕೂ ನೀರು ಸಿಕ್ಕಿತು. ಈ ವರ್ಷ ಫಲಜ್ ಎಷ್ಟು ಚೆನ್ನಾಗಿದೆ ಎಂದು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳಿದ.

ಮುಂದಿನ ಪಾಳಿಗೆ ಅಜ್ಜಿ ಬೇಗನೇ ಬಂದು, ಉಡುಪನ್ನು ಮೇಲಕ್ಕೆ ಸಿಕ್ಕಿಸಿಕೊಂಡು ತಯಾರಾಗಿ ನಿಂತಿದ್ದಳು. ನೀರು ಬಂದದ್ದೇ, ಮಡಿಯಿಂದ ಮಡಿಗೆ ಓಡತೊಡಗಿದಳು. ಜುವೈನಾ ಮತ್ತು ಹಮೂದ್ ಗೋಡೆ ಮೇಲೆ ಕೂತು ಕಿತ್ತಳೆ ತಿನ್ನುತ್ತಾ ನೋಡುತ್ತಿದ್ದರು. ಎಂಟನೇ ಮಡಿ ಹತ್ತಿರ ಅಜ್ಜಿಯ ಕಾಲು ಜಾರಿತು. ಕೆಸರಲ್ಲಿ ಪಚಕ್ ಎಂದು ಕೂತಳು.

ಹಮೂದ್ ನಕ್ಕ. ಜುವೈನಾಳೂ ನಕ್ಕಳು. ಅಜ್ಜಿಯೂ ನಗಲು ನೋಡಿದಳು. ಅಷ್ಟರಲ್ಲಿ, “ಮುಟ್ತು,” ಎಂಬ ಕೂಗು ಕೇಳಿತು.

ಈ ಸಲ ಮೂರು ಮಡಿ ಒಣಗೇ ಉಳಿದವು. ಕೊನೆಯ ಎರಡರಲ್ಲಿ ಬೆಳ್ಳುಳ್ಳಿ ಗರಿಗಳ ತುದಿ ಆಗಲೇ ಹಳದಿಯಾಗಿತ್ತು.

ಸಂಜೆ, ಮಕ್ಕಳು ಇನ್ನೂ ಗೋಡೆ ಮೇಲೇ ಇರುವಾಗ, ನಬ್ಹಾನ್ ತಾತ ಅಲ್ಲಿಗೆ ಬಂದ. ಬಹಳ ಮೆತ್ತಗೆ ಮಾತಾಡಿದ. ವಯಸ್ಸು ಯಾರನ್ನೂ ಬಿಡುವುದಿಲ್ಲ, ಇದರಲ್ಲಿ ನಾಚಿಕೆ ಏನೂ ಇಲ್ಲ ಎಂದ. ಮಡಿಗಳನ್ನು ಪಕ್ಕದ ಸಾಲಿಮನಿಗೆ ನೋಡಿಕೊಳ್ಳಲು ಕೊಟ್ಟರೆ ಅವನು ಅರ್ಧ ಬೆಳ್ಳುಳ್ಳಿ ಮನೆಗೆ ತಂದುಕೊಡುತ್ತಾನೆ ಎಂದ. ಸಾಲಿಮ್ ಅಂದರೆ ಜುವೈನಾಳ ಅಪ್ಪ. ಅವನೂ ಪಕ್ಕದಲ್ಲೇ ನಿಂತಿದ್ದ. ಅವಸರವೇನಿಲ್ಲ, ಯೋಚನೆ ಮಾಡಿ ಹೇಳಿ ಎಂದ.

ಅಜ್ಜಿ ತನ್ನ ಎರಡೂ ಅಂಗೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

“ನನಗೂ ಹಾಗೇ ಅನಿಸ್ತಿದೆ ನಬ್ಹಾನ್. ಕೈ ನಿಧಾನ ಆಗಿದೆ. ಈಗೀಗ ನೆರಳು ನನಗಿಂತ ಬೇಗ ನಡೀತಿದೆ,” ಎಂದಳು. “ಇನ್ನೊಂದು ಪಾಳಿ ನೋಡ್ತೀನಿ. ಆಗಲೂ ಹೀಗೇ ಆದ್ರೆ ಗುದ್ದಲಿ ಸಾಲಿಮನ ಕೈಗೆ ಕೊಟ್ಟುಬಿಡ್ತೀನಿ.”

ಜುವೈನಾಳ ಬಾಯಲ್ಲಿದ್ದ ಕಿತ್ತಳೆ ತೊಳೆ ಅಲ್ಲೇ ನಿಂತಿತು. ನೆರಳು ಬೇಗ ನಡೆಯುತ್ತದೆಯೇ? ನೆರಳು ಹೇಗೆ ಬೇಗ ನಡೆದೀತು? ಅವಳು ಗೋಡೆಯಿಂದ ಇಳಿದು ಹೋಗಿ ನೆರಳು ಕಟ್ಟೆಯ ಮೇಲೆ ನಿಂತಳು. ಐದನೇ ಕಲ್ಲು ತೆಪ್ಪಗೆ ಕೂತಿತ್ತು. ನಾಲ್ಕನೇ ಕಲ್ಲಿಗೆ ಹತ್ತಿರವಾಗಿ, ತುಂಬಾ ಹತ್ತಿರವಾಗಿ ಕೂತಿತ್ತು.

ಆ ರಾತ್ರಿ ಊಟಕ್ಕೆ ಅಮ್ಮ ಮೀನು ಹಾಕಿ ಅನ್ನ ಮಾಡಿದ್ದಳು. ಜುವೈನಾಳಿಗೆ ಮೀನೆಂದರೆ ಪ್ರಾಣ. ಆದರೆ ಅಂದು ಮೀನನ್ನು ತಟ್ಟೆಯ ಅಂಚಿಗೆ ಸರಿಸಿ ಕೂತಿದ್ದಳು.

“ತಿನ್ನೇ. ಅನ್ನದ ಅಗುಳು ಎಣಿಸ್ತಾ ಕೂತಿದ್ದೀಯಲ್ಲ,” ಎಂದಳು ಅಮ್ಮ.

ಹೇಳಿಬಿಡಲೇ ಎಂದು ಅವಳಿಗೆ ಅನಿಸಿತು. ಹಿಂದೆ ಯಾರೋ ಒಬ್ಬ ಪಾಳಿಯ ಕಲ್ಲು ಸರಿಸಿದ್ದಕ್ಕೆ ಒಂದು ವರ್ಷ ಯಾರ ಮನೆಯಲ್ಲೂ ಅವನಿಗೆ ಕಾಫಿ ಕೊಡಲಿಲ್ಲವಂತೆ. ಈ ಮಾತು ಊರಿನ ಮಕ್ಕಳಿಗೆಲ್ಲ ಗೊತ್ತು. ಜುವೈನಾ ಕಾಫಿ ಕುಡಿಯುತ್ತಿರಲಿಲ್ಲ. ಆದರೆ ಅಪ್ಪ ಕುಡಿಯುತ್ತಿದ್ದ. ಹೆಚ್ಚು ನೀರು ಬಂದದ್ದೂ ಅಪ್ಪನ ತೋಟಕ್ಕೇ. ಅಪ್ಪನೇ ಮಗಳ ಕೈಯಿಂದ ಈ ಕೆಲಸ ಮಾಡಿಸಿದ ಎಂದು ಊರವರು ಹೇಳಿದರೆ?

ಬೇಡ. ಯಾರಿಗೂ ಹೇಳದೆ ಸರಿಮಾಡಿಬಿಡುವುದೇ ಒಳ್ಳೆಯದು.

ಮರುದಿನ ಸೂರ್ಯ ಬೆಟ್ಟದ ಹಿಂದೆ ಹೋದ ಕೂಡಲೇ ಬೇರೆ ಮಕ್ಕಳು ಬರುವ ಮೊದಲೇ ಒಬ್ಬಳೇ ಬಂದಳು. ಕಲ್ಲು ಕಿತ್ತು ಆರನೇ ಕಲ್ಲಿನ ಕಡೆ ಸರಿಸಿದಳು. ಎಷ್ಟು ಸರಿಸಬೇಕು? ಒಂದು ಗೇಣು? ಒಂದೂವರೆ? ಅಜ್ಜಿಗೆ ಯಾವ ಕಾರಣಕ್ಕೂ ಕಡಿಮೆ ಬೀಳಬಾರದು ಎಂದು ಇನ್ನೊಂದು ಗೇಣು ಸೇರಿಸಿದಳು. ಮಣ್ಣು ತುಳಿದು, ಮೇಲೆ ಧೂಳು ಉದುರಿಸಿ, ಕೈ ಒರೆಸಿಕೊಂಡು ಮನೆಗೆ ಹೋದಳು. ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡಳು.

ಮೂರನೇ ಪಾಳಿ ಭಾನುವಾರ ಬಂತು. ಸ್ಕೂಲ್ ಬಸ್ಸಿನಿಂದ ಇಳಿದವಳು ಬ್ಯಾಗ್ ಸಮೇತ ಗೋಡೆ ಹತ್ತಿ ಕೂತಳು.

ಅಜ್ಜಿ ಈ ಸಲ ಓಡಲಿಲ್ಲ. ಆಗುವುದು ಆಗಲಿ ಎಂಬ ಮುಖ ಮಾಡಿಕೊಂಡು ಒಂದೊಂದೇ ಬದು ಒಡೆದಳು. ಎಂಟು, ಒಂಬತ್ತು, ಹತ್ತು. ಕೂಗಿಲ್ಲ. ಹನ್ನೊಂದು ತುಂಬಿತು. ಆಗಲೂ ಕೂಗಿಲ್ಲ. ಅಜ್ಜಿ ಗುದ್ದಲಿ ಹಿಡಿದು ಸುಮ್ಮನೆ ನಿಂತಳು. ನೀರು ಬದು ದಾಟಿ, ದಾರಿಗಿಳಿದು, ಆಡಿನ ಕೊಟ್ಟಿಗೆಗೆ ನುಗ್ಗಿತು. ಕಾಲು ಒದ್ದೆಯಾದ ಆಡುಗಳೆಲ್ಲ ಒಟ್ಟಿಗೆ ಅರಚಿಕೊಂಡವು. ಆಮೇಲೆ ಎಷ್ಟೋ ಹೊತ್ತಿಗೆ ತಾತನ ಕೂಗು ಕೇಳಿತು.

ಈಗ ಅಪ್ಪನ ಪಾಳಿ. ನಿಂಬೆ ಗಿಡ ಹಾಗಿರಲಿ, ಮೇವಿನ ಸೊಪ್ಪು ಅರ್ಧ ನೆನೆಯುವಷ್ಟರಲ್ಲಿ ಮುಗಿದೇಹೋಯಿತು. ಅಪ್ಪ ಕೆಸರುಗಾಲಿನಲ್ಲೇ ಮೊಬೈಲ್ ಹಿಡಿದು ನೆರಳು ಕಟ್ಟೆಗೆ ಹೊರಟ. ಅವನ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಹಮೂದನ ಅಪ್ಪ ಮತ್ತು ಇನ್ನೂ ನಾಲ್ಕೈದು ಜನ. ಎಲ್ಲರ ಹಿಂದೆ ಜುವೈನಾ.

“ನಬ್ಹಾನ್ ದೊಡ್ಡಪ್ಪ,” ಎಂದ ಅಪ್ಪ, “ರಯ್ಯಾ ಅಜ್ಜಿ ಎಂಟು ದಿನದಲ್ಲಿ ಇಪ್ಪತ್ತು ವರ್ಷ ಚಿಕ್ಕವರಾಗಿಬಿಟ್ರಾ? ಅಥವಾ ನಾನೇ ಮುದುಕನಾದ್ನಾ?”

ತಾತ ನೆರಳು ತೋರಿಸಿದ. ಮುಟ್ಟಿದಾಗ ಕೂಗಿದ್ದೇನೆ, ಮುಟ್ಟದೇ ಇದ್ದಾಗ ಕೂಗಿಲ್ಲ ಎಂದ. ಅಪ್ಪ ಮೊಬೈಲಿನಲ್ಲಿ ಟೈಮ್ ತೋರಿಸಿದ. ಒಬ್ಬರು, ಇನ್ನು ಈ ನೆರಳಿನ ಕೆಲಸ ಸಾಕು, ಮೊಬೈಲಿನಲ್ಲೇ ಟೈಮ್ ನೋಡೋಣ ಎಂದರು. ಇನ್ನೊಬ್ಬರು, ಮೊಬೈಲು ಯಾರ ಕೈಯಲ್ಲಿರಬೇಕು ಎಂದು ಕೇಳಿದರು. ಅದರ ಮೇಲೆ ಬೇರೆಯೇ ಒಂದು ಜಗಳ ಶುರುವಾಯಿತು. ಕೊನೆಗೆ ಹಮೂದನ ಅಪ್ಪ, ತಾತನಿಗೆ ಕಣ್ಣು ಮಂಜಾಗಿರಬೇಕು, ಬೇರೆ ಅರೀಫನನ್ನು ನೋಡೋಣ ಎಂದುಬಿಟ್ಟ.

ತಾತ ಕಾಫಿ ಬಟ್ಟಲನ್ನು ಕೆಳಗಿಟ್ಟ. ಅದು ನೆಟ್ಟಗೆ ಕೂರದೆ ವಾಲಿ ಬಿತ್ತು.

“ಐವತ್ತು ವರ್ಷದಿಂದ ನೋಡ್ತಿದ್ದೀನಿ,” ಎಂದ. “ಇರಬಹುದಪ್ಪ. ಕಣ್ಣಿಗೂ ವಯಸ್ಸಾಗುತ್ತೆ.”

ಮೊದಲು ಅಜ್ಜಿಯ ಕೈ. ಈಗ ತಾತನ ಕಣ್ಣು. ಮುಂದಿನ ಪಾಳಿಗೆ ಇನ್ಯಾರದ್ದೋ? ಜುವೈನಾ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ತಾತನ ಕಣ್ಣಲ್ಲ,” ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. “ತಾತನ ಕಣ್ಣಲ್ಲ, ಅಜ್ಜಿ ಕೈಯೂ ಅಲ್ಲ. ಐದನೇ ಕಲ್ಲು ಅದರ ಜಾಗದಲ್ಲಿಲ್ಲ. ಗೋಲ್‌ಪೋಸ್ಟ್ ಮಾಡೋಕೆ ನಾನು ಕಿತ್ತಿದ್ದೆ. ವಾಪಸ್ ಇಡುವಾಗ ತಪ್ಪಾಯ್ತು. ಸರಿಮಾಡೋಕೆ ಹೋಗಿ ಇನ್ನೂ ತಪ್ಪಾಯ್ತು. ಅಪ್ಪನಿಗೆ ಗೊತ್ತಿಲ್ಲ.”

ಕೆಳಗೆ ಒಂದು ಆಡು ಇನ್ನೂ ಅರಚುತ್ತಿತ್ತು. ಅಪ್ಪನ ಮುಖ ಕೆಂಪಾಯಿತು. ಅವನು ಬಾಯಿ ತೆರೆಯುವ ಮೊದಲೇ ರಯ್ಯಾ ಅಜ್ಜಿ ದೊಪ್ಪನೆ ನೆಲದ ಮೇಲೆ ಕೂತಳು. ತಲೆ ಸುತ್ತಿ ಬಂತೇನೋ ಎಂದು ಇಬ್ಬರು ಓಡಿದರು. ನೋಡಿದರೆ ಅಜ್ಜಿ ನಗುತ್ತಿದ್ದಳು. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

“ಹಾಗಾದ್ರೆ ನನ್ನ ಕೈ ಸರಿಯಾಗೇ ಇದೆ,” ಎಂದಳು. ಎರಡೂ ಕೈಗಳನ್ನು ತಾತನ ಮುಂದೆ ಚಾಚಿದಳು. “ನೋಡು ನಬ್ಹಾನ್, ನೆಟ್ಟಗಿದೆ. ನಿನ್ನ ಕಣ್ಣೂ ನೆಟ್ಟಗಿದೆ. ನಾವಿಬ್ಬರೂ ಸುಮ್ಮಸುಮ್ಮನೆ ಮುದುಕರಾಗ್ತಿದ್ವಲ್ಲೋ.”

ಆಮೇಲೆ ಜುವೈನಾಳನ್ನು ಹತ್ತಿರ ಕರೆದಳು. ತಲೆ ಸವರುತ್ತಾಳೆ ಎಂದುಕೊಂಡು ಹೋದರೆ ಕಿವಿ ಹಿಡಿದು ಚೆನ್ನಾಗಿ ಹಿಂಡಿದಳು.

“ಹದಿನಾರು ದಿನ ನಿದ್ದೆ ಮಾಡಿಲ್ಲ ನಾನು, ಗೊತ್ತಾ,” ಎಂದಳು.

ಬೆಳ್ಳುಳ್ಳಿ ಕೀಳುವವರೆಗೆ ಫುಟ್‌ಬಾಲ್ ಬಂದ್ ಎಂದು ಅಪ್ಪ ಅಲ್ಲೇ ಹೇಳಿಬಿಟ್ಟ. ಅದು ಎರಡು ತಿಂಗಳ ಮಾತು. ಜುವೈನಾ ತಲೆಯಾಡಿಸಿದಳು.

ಆದರೆ ದೊಡ್ಡ ತೊಂದರೆ ಇನ್ನೂ ಹಾಗೇ ಇತ್ತು. ಕಲ್ಲನ್ನು ಎಲ್ಲಿ ಇಡುವುದು?

ನಾಲ್ಕಕ್ಕೂ ಆರಕ್ಕೂ ಸರಿಯಾಗಿ ನಡುವೆ ಇಡೋಣ ಎಂದ ಅಪ್ಪ. ತಾತ ಉಳಿದ ಕಲ್ಲುಗಳನ್ನು ತೋರಿಸಿದ. ಯಾವ ಎರಡು ಕಲ್ಲಿನ ಅಂತರವೂ ಒಂದೇ ಸಮ ಇರಲಿಲ್ಲ. ಸಂಜೆಯಾದಷ್ಟೂ ನೆರಳಿನ ನಡಿಗೆ ಬೇರೆಯಾಗುತ್ತದೆ ಎಂದ. ಹನ್ನೊಂದನೇ ಮಡಿ ತುಂಬುವ ಹೊತ್ತಿಗೆ ನೆರಳು ಎಲ್ಲಿರುತ್ತದೋ ಅಲ್ಲಿಡಿ ಎಂದಳು ಅಜ್ಜಿ. ಈ ವರ್ಷ ನೀರು ಜೋರಾಗಿದೆ ರಯ್ಯಕ್ಕ, ಆ ಲೆಕ್ಕ ನಡೆಯುವುದಿಲ್ಲ ಎಂದ ತಾತ. ಜುವೈನಾಳನ್ನು ಕೇಳಿದರೆ ಅವಳಿಗೇನು ಗೊತ್ತು?

ಕೊನೆಗೆ ತಾತ ಅಪ್ಪನಿಗೂ ಅಜ್ಜಿಗೂ ಹೇಳಿದ. ಇಷ್ಟು ವರ್ಷ ನೋಡಿದ್ದೀರಿ, ನೆನಪು ಮಾಡಿಕೊಂಡು ಇಬ್ಬರೂ ಹಿಮ್ಮಡಿಯಿಂದ ಒಂದೊಂದು ಗುರುತು ಹಾಕಿ. ಒಬ್ಬರು ಹಾಕುವಾಗ ಇನ್ನೊಬ್ಬರು ಆ ಕಡೆ ತಿರುಗಿ ನಿಲ್ಲಿ.

ಇಬ್ಬರೂ ಹಾಕಿದರು. ಎರಡು ಗುರುತಿನ ನಡುವೆ ನಾಲ್ಕು ಬೆರಳಿನಷ್ಟು ಜಾಗ ಉಳಿಯಿತು. ಅಪ್ಪನ ಗುರುತು ನಡುವಿನಿಂದ ಎರಡು ಬೆರಳು ಅಪ್ಪನಿಗೆ ಲಾಭವಾಗುವ ಕಡೆ, ಅಜ್ಜಿಯದು ಎರಡು ಬೆರಳು ಅಜ್ಜಿಗೆ ಲಾಭವಾಗುವ ಕಡೆ. ಇಬ್ಬರೂ ನೆಲ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಅಪ್ಪನಿಗೆ ನಗು ಬಂತು.

“ಇಡು,” ಎಂದ ತಾತ ಜುವೈನಾಳಿಗೆ. “ಕಿತ್ತ ಕೈಯೇ ಇಡಲಿ. ನಾವು ನೋಡ್ತೀವಿ.”

ಅವಳು ಎರಡು ಗುರುತಿನ ನಡುವೆ ಕಲ್ಲನ್ನು ಇಟ್ಟಳು. ಒಬ್ಬರು ಸ್ವಲ್ಪ ಆಚೆ ಎಂದರು, ಇನ್ನೊಬ್ಬರು ಸ್ವಲ್ಪ ಈಚೆ ಎಂದರು. ಒಂದು ಕೂದಲಿನಷ್ಟು ಆಚೆ, ಒಂದು ಕೂದಲಿನಷ್ಟು ಈಚೆ. ಹೀಗೆ ಬಹಳ ಹೊತ್ತು ನಡೆದು, ಕೊನೆಗೆ ಯಾರೂ ಏನೂ ಹೇಳಲಿಲ್ಲ. ಆಗ ತಾತ ಒದ್ದೆ ಮಣ್ಣು ಹಾಕಿದ. ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಒಂದೊಂದು ಸಲ ಮಣ್ಣನ್ನು ತುಳಿದರು.

ಎಂಟು ದಿನದ ಮೇಲೆ ತಾತ ಜುವೈನಾಳನ್ನು ಬೋರೆ ಮರದ ಕೆಳಗೆ ಕರೆದು ಕೂರಿಸಿಕೊಂಡ. ಈ ಪಾಳಿ ನೀನೇ ಕೂಗು ಎಂದ.

ಅವಳು ತೋಟದ ಕಡೆ ಮುಖ ಮಾಡಿ ಕೂತಳು. ಅಲ್ಲಿಂದ ಎಲ್ಲಾ ಕಾಣುತ್ತಿತ್ತು. ಅಜ್ಜಿಯ ಗುದ್ದಲಿ ಏಳುವುದು, ಬೀಳುವುದು. ಅಪ್ಪ ತೂಬಿನ ಮೇಲೆ ಕೈಯಿಟ್ಟು ಕಾಯುವುದು. ಕತ್ತು ತಿರುಗಿಸಿ ನೆರಳು ನೋಡಿದಳು. ಇಷ್ಟು ದಿನ ಅವಳಿಗೆ ನೆರಳು ನಿಂತ ಹಾಗೇ ಕಾಣುತ್ತಿತ್ತು. ಈಗ ನೋಡಿದರೆ ಅದರ ಅಂಚು ಇರುವೆಯ ಹಾಗೆ ಒಂದೊಂದೇ ಮರಳಿನ ಕಣ ದಾಟುತ್ತಾ ಬರುತ್ತಿತ್ತು.

ಅಜ್ಜಿ ಹತ್ತನೇ ಮಡಿಯಲ್ಲಿದ್ದಳು. ನೆರಳಿಗೂ ಕಲ್ಲಿಗೂ ಮೂರು ಬೆರಳಷ್ಟು ದೂರ. ಸ್ವಲ್ಪವೇ ತಡವಾಗಿ ಕೂಗಿದರೆ ಹನ್ನೊಂದನೆಯದು ಅಂಚಿನವರೆಗೂ ತುಂಬೀತು. ಯಾರಿಗೂ ತಿಳಿಯುವುದಿಲ್ಲ. ಅದೇ ಹೊತ್ತಿಗೆ ಅಪ್ಪ ಕೆಳಗಿನಿಂದ ತಲೆಯೆತ್ತಿ ಇವಳ ಕಡೆಯೇ ನೋಡಿದ.

ಪಕ್ಕದಲ್ಲಿ ತಾತ ಕಾಫಿ ಹೀರುತ್ತಾ ಕೂತಿದ್ದ. ಅವನ ಬೆನ್ನು ತೋಟದ ಕಡೆಗಿತ್ತು. ಯಾರು ಎಷ್ಟನೇ ಮಡಿಯಲ್ಲಿದ್ದಾರೆ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ.

ಜುವೈನಾ ಅವನನ್ನು ನೋಡಿದಳು. ಎದ್ದು ನಿಂತು, ಆ ಕಡೆಯಿಂದ ಈ ಕಡೆಗೆ ತಿರುಗಿ, ತಾತನ ಹಾಗೇ ತೋಟಕ್ಕೆ ಬೆನ್ನು ಹಾಕಿ ಕೂತಳು. ಈಗ ಕಣ್ಣ ಮುಂದೆ ಕಲ್ಲು ಇತ್ತು, ನೆರಳು ಇತ್ತು, ಇನ್ನೇನೂ ಇರಲಿಲ್ಲ. ಎರಡು ಬೆರಳು. ಒಂದು ಬೆರಳು.

“ಮುಟ್ತು,” ಎಂದು ಕೂಗಿದಳು, ತೋಟದ ಕೊನೆಯವರೆಗೂ ಕೇಳುವ ಹಾಗೆ.

ಹನ್ನೊಂದನೇ ಮಡಿ ತುಂಬಿತೋ ಇಲ್ಲವೋ ನನಗೆ ತಿಳಿಯದು. ಅಜ್ಜಿ ಅದರ ಬಗ್ಗೆ ಏನೂ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಐದನೇ ಕಲ್ಲು ಮೊದಲು ನಿಜವಾಗಿ ಎಲ್ಲಿತ್ತು ಎಂಬುದೂ ಯಾರಿಗೂ ಗೊತ್ತಿಲ್ಲ. ನಾನು ಆ ಊರಿನಲ್ಲಿ ಅನೇಕರನ್ನು ಕೇಳಿದೆ. ಒಬ್ಬರು ಸ್ವಲ್ಪ ಆಚೆ ಎಂದರು, ಇನ್ನೊಬ್ಬರು ಸ್ವಲ್ಪ ಈಚೆ ಎಂದರು.